ಮೋಟ್ರು ಉಲ್ಟಾ ತಿರುಗಿಸೋಕೆ ಯಾವ ದಾರಿ: ಎರಡು ವೈರ್ ಬದಲಿಸಿದ್ರೆ ಸಾಕಾ, ಸ್ವಿಚ್ಚಾ, ಎರಡು ಕಾಂಟ್ಯಾಕ್ಟರಾ, ಡ್ರೈವಾ?

ತ್ರೀ ಫೇಸ್ ಮೋಟ್ರು ರೌಂಡ್, ಅಂದ್ರೆ ತಿರುಗೋ ದಿಕ್ಕು, ಬದಲಿಸೋ ವಿಷ್ಯ ಕೇಳ್ಕೊಂಡು ಬರೋರು ನಮ್ ಕಡೆ ಎರಡೇ ಥರ. ಒಬ್ರು ಬೋರ್‌ವೆಲ್ ಇಟ್ಟಿರೋ ರೈತರು, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಹೊಸದು ಕೂರಿಸಿದ ಮಾರನೇ ದಿನ "ನೀರು ಅರ್ಧಕ್ಕರ್ಧ ಬಿದ್ದೋಗೈತೆ ಅಣ್ಣ, ಬೋರು ಬತ್ತೋಯ್ತಾ ಏನ್ ಕತೆ" ಅಂತ ಗಾಬರಿಯಲ್ಲಿ ಬರ್ತಾರೆ. ಇನ್ನೊಬ್ರು ಮಿಷನ್ ಇಟ್ಟೋರು, ಶಿಡ್ಲಘಟ್ಟದ ಕಡೆ ರೇಷ್ಮೆ ಹುರಿ ಮಾಡೋರು, ತುಮಕೂರಲ್ಲಿ ಅಂತರಸನಹಳ್ಳಿ ವಸಂತನರಸಾಪುರದ ಶೆಡ್‌ಗಳಲ್ಲಿ ಲೇತು, ಹಾಯಿಸ್ಟು, ಕನ್ವೇಯರು ಇಟ್ಕೊಂಡಿರೋರು, ಇವರಿಗೆ ಮೋಟ್ರು ಬೇಕು ಅಂದಾಗ ಆ ಕಡೆಗೂ ತಿರುಗ್ಬೇಕು ಈ ಕಡೆಗೂ ತಿರುಗ್ಬೇಕು. ಎರಡೂ ಬೇರೆ ಬೇರೆ ಕಾಯಿಲೆ, ಆದ್ರೆ ಅಂಗಡಿಗೆ ಹೋದ್ರೆ ಇಬ್ರಿಗೂ ಒಂದೇ ಮದ್ದು ಕೊಡ್ತಾರೆ, ಆವತ್ತು ರ‍್ಯಾಕಲ್ಲಿ ಏನಿದೆಯೋ ಅದು.

ಈಗ ಸಿಗೋ ದಾರಿಗಳು ಇವು: ಎರಡು ವೈರ್ ಅದಲು ಬದಲು ಮಾಡೋದು, ಕೈಯಲ್ಲಿ ತಿರುಗಿಸೋ ಫಾರ್ವರ್ಡ್ ರಿವರ್ಸ್ ಸ್ವಿಚ್ಚು, ಎರಡು ಕಾಂಟ್ಯಾಕ್ಟರಿನ (ಕಾಯಿಲಿಗೆ ಕರೆಂಟ್ ಕೊಟ್ರೆ ಎಳ್ಕೊಂಡು ಮೋಟ್ರಿಗೆ ಲೈನ್ ಸೇರಿಸೋ ಸ್ವಿಚ್ಚು) ಸ್ಟಾರ್ಟರು, ಬೋರ್‌ವೆಲ್‌ಗೆ ಅಂತಲೇ ಮಾರೋ ಫೇಸ್ ಕರೆಕ್ಟರು, ಆಮೇಲೆ ವಿಎಫ್‌ಡಿ, ಅಂದ್ರೆ ಹರ್ಟ್ಸ್ ಬದಲಿಸಿ ಸ್ಪೀಡು ಹಿಡಿಯೋ ಎಲೆಕ್ಟ್ರಾನಿಕ್ ಡ್ರೈವು. ಬಿಟ್ಟಿ ಕೆಲಸದಿಂದ ಹಿಡಿದು ಹತ್ತಾರು ಸಾವಿರದವರೆಗೂ ಇದೆ.

ಮೊದ್ಲು ಒಂದು ಬೇಸಿಕ್ಕು ಹೇಳ್ಬಿಡ್ತೀನಿ. ಆರ್, ವೈ, ಬಿ (ಕೆಂಪು, ಹಳದಿ, ನೀಲಿ) ಮೂರೂ ಫೇಸಿನ ವೋಲ್ಟೇಜು ಒಟ್ಟಿಗೆ ಏರಲ್ಲ, ಒಂದರ ಹಿಂದೆ ಒಂದು ಸಾಲಾಗಿ ಏರಿ ಇಳಿಯುತ್ತೆ, ಆ ಸಾಲಿನ ಪ್ರಕಾರ ವೈಂಡಿಂಗ್ ಒಳಗೆ ಮ್ಯಾಗ್ನೆಟ್ ಫೀಲ್ಡು ಸುತ್ತುತ್ತೆ, ರೋಟರು ಅದರ ಹಿಂದೆ ಓಡುತ್ತೆ. ನಮ್ಮ 50 ಹರ್ಟ್ಸ್ ಕರೆಂಟಲ್ಲಿ ನಾಲ್ಕು ಪೋಲ್ ಮೋಟ್ರಿನ ಫೀಲ್ಡು ನಿಮಿಷಕ್ಕೆ 1500 ಸುತ್ತು, ಎರಡು ಪೋಲಿದ್ದು 3000, ರೋಟರು ಸ್ವಲ್ಪ ಹಿಂದೆ ಬಿದ್ದು 1440, 2880 ಆಸುಪಾಸಲ್ಲಿ ಓಡುತ್ತೆ. ಮೂರರಲ್ಲಿ ಯಾವುದಾದ್ರೂ ಎರಡು ವೈರ್ ಜಾಗ ಬದಲಿಸಿದ್ರೆ ಸಾಲು ತಿರುಗಾಮುರುಗಾ ಆಗಿ ಮೋಟ್ರು ಆ ಕಡೆ ತಿರುಗುತ್ತೆ. ಯಾವ ಎರಡು ಅನ್ನೋದು ಮುಖ್ಯ ಅಲ್ಲ. ಆದ್ರೆ ಮೂರನ್ನೂ ಒಂದೊಂದು ಮನೆ ಮುಂದಕ್ಕೆ ತಳ್ಳಿದ್ರೆ ಏನೂ ಬದಲಾಗಲ್ಲ, ಎಷ್ಟೋ ಜನ ಮೂರೂ ಬಿಚ್ಚಿ ಹಾಕಿ ಮತ್ತೆ ಅದೇ ರೌಂಡು ಅಂತ ತಲೆ ಕೆರ್ಕೋಳೋದು ಇದಕ್ಕೇ. ಇದೆಲ್ಲಾ ತ್ರೀ ಫೇಸ್‌ಗೆ ಮಾತ್ರ, ಸಿಂಗಲ್ ಫೇಸ್ ಮೋಟ್ರಲ್ಲಿ ಫೇಸು ನ್ಯೂಟ್ರಲ್ಲು ಬದಲಿಸಿದ್ರೆ ಏನೂ ಆಗಲ್ಲ, ಅದರ ಸ್ಟಾರ್ಟಿಂಗ್ ವೈಂಡಿಂಗ್ ತುದಿ ಬದಲಿಸ್ಬೇಕು.

ದುಡ್ಡು ಬಿಚ್ಚೋಕೆ ಮುಂಚೆ ಕೇಳ್ಕೋಬೇಕಾದ್ದು

ಎಷ್ಟು ಸಲ ಬದಲಿಸ್ಬೇಕು ಅನ್ನೋದು ಮೊದಲನೇದು. ಜೀವಮಾನಕ್ಕೆ ಒಂದ್ ಸಲನಾ, ವರ್ಷಕ್ಕೆ ಒಂದೆರಡು ಸಲ ಲೈನ್ ಕೆಲಸ ಆದಾಗನಾ, ದಿನಕ್ಕೆ ನಾಲ್ಕು ಸಲನಾ, ನಿಮಿಷಕ್ಕೊಂದು ಸಲನಾ? ಅರ್ಧ ಉತ್ತರ ಇಲ್ಲೇ ಸಿಗುತ್ತೆ.

ಎರಡನೇದು, ತಪ್ಪು ದಿಕ್ಕಿಗೆ ತಿರುಗಿದ್ರೆ ಏನು ಹಾಳಾಗುತ್ತೆ. ಕನ್ವೇಯರ್ ಆದ್ರೆ ಮಾಲು ಹಿಂದಕ್ಕೆ ಹೋಗುತ್ತೆ ಅಷ್ಟೇ. ಸ್ಕ್ರೂ ಕಂಪ್ರೆಸರ್ ಆದ್ರೆ ಕೆಲವು ಸೆಕೆಂಡಲ್ಲೇ ಆಯಿಲ್ ಇಲ್ಲದೆ ಒಳಗಿನ ಸ್ಕ್ರೂ ಕಚ್ಕೊಳ್ಳೋ ಅಪಾಯ. ಹಳೇ ಲೇತಲ್ಲಿ ಚಕ್ಕು ಥ್ರೆಡ್ ಮೇಲೆ ಕೂತಿದ್ರೆ ರಿವರ್ಸಲ್ಲಿ ಬಿಚ್ಕೊಂಡು ಎಗರಬಹುದು. ಬೋರ್ ಪಂಪಿಂದು ಬೇರೆ ಕತೆ, ಮುಂದೆ ಹೇಳ್ತೀನಿ.

ಮೂರನೇದು, ಆ ಹೊತ್ತಲ್ಲಿ ಮೋಟ್ರು ಹತ್ರ ಯಾರು ಇರ್ತಾರೆ. ಇದನ್ನ ಯಾರೂ ಕೇಳಲ್ಲ, ನನ್ ಲೆಕ್ಕದಲ್ಲಿ ಇದೇ ದೊಡ್ಡದು. ಮಿಷನ್ ಮುಂದೆ ಆಪರೇಟರ್ ನಿಂತಿರ್ತಾನೆ, ಉಲ್ಟಾ ಆದ್ರೆ ಕಣ್ಣಿಗೆ ಕಾಣುತ್ತೆ, ಆಫ್ ಮಾಡ್ತಾನೆ. ಬೋರ್‌ವೆಲ್ ಹಂಗಲ್ಲ, ತ್ರೀ ಫೇಸ್ ರಾತ್ರಿ ಎರಡು ಗಂಟೆಗೆ ಬರುತ್ತೆ, ಆಟೋ ಸ್ವಿಚ್ ತಾನೇ ಎತ್ಕೊಳ್ಳುತ್ತೆ, ಮೋಟ್ರು ಸಾವಿರ ಅಡಿ ಕೆಳಗಿದೆ, ರೈತ ಮನೇಲಿ ಮಲಗಿದಾನೆ.

ಇನ್ನು ಎಚ್‌ಪಿ ಎಷ್ಟು, ಡಿಒಎಲ್ (ನೇರ ಲೈನಿಗೇ ಹಾಕೋ) ಸ್ಟಾರ್ಟರಾ ಸ್ಟಾರ್ ಡೆಲ್ಟಾನಾ (ಮೊದ್ಲು ಕಮ್ಮಿ ವೋಲ್ಟೇಜಲ್ಲಿ ಎತ್ತಿ ಆಮೇಲೆ ಪೂರ್ತಿ ಕೊಡೋದು), ಕೆಟ್ಟರೆ ಚಿಂತಾಮಣಿಲೋ ಮಧುಗಿರಿಲೋ ರಿಪೇರಿ ಆಗುತ್ತಾ ಇಲ್ಲ ಬೆಂಗಳೂರಿಗೆ ಹೊತ್ಕೊಂಡು ಹೋಗಬೇಕಾ, ಇವೂ ಲೆಕ್ಕಕ್ಕೆ ಬರುತ್ತೆ.

ಎರಡು ವೈರ್ ಬದಲಿಸೋದು

ಖರ್ಚು ಸೊನ್ನೆ. ಒಂದ್ ಸಲ ಸರಿ ಮಾಡಿ ಬಿಟ್ರೆ ಸಾಕು ಅನ್ನೋ ಕಡೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ, ಇದಕ್ಕೆ ಇನ್ನೇನೋ ಡಬ್ಬ ಮಾರೋಕೆ ಬಂದ್ರೆ ತಗೋಬೇಡಿ. ಆದ್ರೆ ಎಲ್ಲಿ ಬದಲಿಸ್ತೀರಿ ಅನ್ನೋದ್ರಲ್ಲಿ ಎಲ್ಲಾ ಇದೆ.

ಶೆಡ್ಡಲ್ಲಿ ನಾಲ್ಕು ಮೋಟ್ರಿದೆ, ಒಂದು ಮಾತ್ರ ಉಲ್ಟಾ ಅಂದ್ರೆ ಅದರ ಸ್ಟಾರ್ಟರಲ್ಲೇ ಬದಲಿಸಿ. ಮೈನಲ್ಲಿ ಬದಲಿಸಿದ್ರೆ ಸರಿಯಾಗಿದ್ದ ಮೂರೂ ಉಲ್ಟಾ ಆಗುತ್ತೆ. ನಾಲ್ಕೂ ಒಂದೇ ದಿನ ಉಲ್ಟಾ ಆಯ್ತು ಅಂದ್ರೆ ತಪ್ಪು ಹೊರಗಿಂದ ಬಂದಿದೆ, ಮೋಟ್ರು ಮುಟ್ಟಲೇಬೇಡಿ. ಜನರೇಟರಲ್ಲಿ ಓಡ್ಸಿದಾಗ ಮಾತ್ರ ಉಲ್ಟಾ, ಲೈನ್ ಕರೆಂಟಲ್ಲಿ ಸರಿ ಅಂದ್ರೆ ಜನರೇಟರಿಂದ ಚೇಂಜ್‌ಓವರ್ ಸ್ವಿಚ್ಚಿಗೆ (ಲೈನಾ ಜನರೇಟರಾ ಅಂತ ಬದಲಿಸೋದು) ಬರೋ ಕೇಬಲಲ್ಲಿ ಎರಡು ಬದಲಿಸ್ಬೇಕು, ಬೇರೆ ಎಲ್ಲಿ ಮುಟ್ಟಿದ್ರೂ ಒಂದು ಸರಿ ಹೋಗಿ ಇನ್ನೊಂದು ಕೆಡುತ್ತೆ.

ಹಳ್ಳಿ ಕಡೆ ನಡೆಯೋದು ಇದೇ. ಟಿಸಿ ಬದಲಾಯ್ತು, ಆ ಟಿಸಿ ಕೆಳಗಿರೋ ಹತ್ತು ಬೋರೂ ಉಲ್ಟಾ. ಮೊದ್ಲು ಗೊತ್ತಾದೋನು ತನ್ನ ಸ್ಟಾರ್ಟರಲ್ಲಿ ಎರಡು ವೈರ್ ಬದಲಿಸ್ಕೋತಾನೆ, ಪಕ್ಕದೋನೂ ಮಾಡ್ಕೋತಾನೆ, ಇನ್ನೊಬ್ಬ ಸೆಕ್ಷನ್ ಆಫೀಸಿಗೆ ಹೇಳ್ತಾನೆ, ಲೈನ್‌ಮನ್ ಬಂದು ಟಿಸಿ ಹತ್ರ ಸರಿ ಮಾಡ್ತಾನೆ, ಅಷ್ಟೊತ್ತಿಗೆ ಬದಲಿಸ್ಕೊಂಡಿದ್ದ ಇಬ್ರದ್ದೂ ಮತ್ತೆ ಉಲ್ಟಾ! ಹಾಗಾಗಿ ಅಕ್ಕಪಕ್ಕ ಫೋನ್ ಮಾಡಿ ಕೇಳಿ, ಎಲ್ಲರದ್ದೂ ಹಂಗೇ ಆಗಿದ್ರೆ ಕರೆಂಟ್ ಕಂಪನಿ ಹೆಲ್ಪ್‌ಲೈನ್ 1912ಕ್ಕೋ ಸೆಕ್ಷನ್ ಆಫೀಸಿಗೋ ಹೇಳಿ ಟಿಸಿ ಹತ್ರವೇ ಸರಿ ಮಾಡ್ಸಿ, ಆ ಕಡೆ ನೀವೇ ಹತ್ತಿ ಕೈ ಹಾಕೋ ಕೆಲಸ ಬೇಡವೇ ಬೇಡ.

ಸ್ಟಾರ್ ಡೆಲ್ಟಾ ಇರೋರು ಇನ್ನೊಂದು ನೋಡ್ಕೋಬೇಕು. ಮೋಟ್ರಿಗೆ ಆರು ವೈರ್ ಹೋಗಿರುತ್ತೆ. ಆ ಆರರಲ್ಲಿ ಕಣ್ಣಿಗೆ ಕಂಡ ಎರಡು ಬದಲಿಸಿದ್ರೆ ಸ್ಟಾರಲ್ಲಿ ಒಂಥರ ಡೆಲ್ಟಾದಲ್ಲಿ ಇನ್ನೊಂಥರ ಕನೆಕ್ಷನ್ ಆಗಿ ಆಂಪ್ಸ್ ಮೇಲಕ್ಕೆ ಹಾರುತ್ತೆ, ಮೋಟ್ರು ಗುಯ್ ಅಂತ ಒದರುತ್ತೆ, ನೋಡದೆ ಬಿಟ್ರೆ ವೈಂಡಿಂಗ್ ಹೋಯ್ತು. ಅದಕ್ಕೆ ಸ್ಟಾರ್ಟರಿಗೆ ಒಳಗೆ ಬರೋ ಮೂರು ವೈರಲ್ಲೇ ಎರಡು ಬದಲಿಸಿ, ಕೆಳಗಿನ ಆರನ್ನ ಮುಟ್ಟಬೇಡಿ.

ಮಾಡೋವಾಗ ಮೈನ್ ಆಫ್, ಕಿಟ್‌ಕ್ಯಾಟ್ ಫ್ಯೂಸ್ ಮೂರೂ ಕಿತ್ತು ನಿಮ್ಮ ಜೇಬಲ್ಲಿ, ಆಟೋ ಸ್ವಿಚ್ಚಿದ್ರೆ ಅದನ್ನೂ ಆಫ್ ಮಾಡಿ, ಟೆಸ್ಟರ್ ಇಟ್ಟು ಮೂರೂ ಫೇಸಲ್ಲಿ ಕರೆಂಟಿಲ್ಲ ಅಂತ ನೋಡಿ ಆಮೇಲೆ ಸ್ಕ್ರೂ ಬಿಚ್ಚಿ. ಆಟೋ ಸ್ವಿಚ್ಚೋ ಮೊಬೈಲ್ ಸ್ಟಾರ್ಟರೋ ಇರೋ ಡಬ್ಬದಲ್ಲಿ "ಈಗ ಕರೆಂಟಿಲ್ಲ ಬಿಡು" ಅಂತ ಕೈ ಹಾಕೋದು ಪ್ರಾಣದ ಜೊತೆ ಆಟ. ಹಾಕೋವಾಗ ತಾಮ್ರದ ತುದಿ ಬಿಗಿಯಾಗಿ ಕೂರಲಿ, ಲೂಸಾಗಿ ಬಿಟ್ಟ ಸ್ಕ್ರೂ ಬಿಸಿಯಾಗಿ ಕರಗಿ ಒಂದು ಫೇಸ್ ಕಟ್ಟಾದ್ರೆ ಉಲ್ಟಾ ತಿರುಗೋದಕ್ಕಿಂತ ಬೇಗ ಮೋಟ್ರು ಸುಡುತ್ತೆ.

ಬೋರು ಉಲ್ಟಾನಾ ಸೀದಾನಾ ಅಂತ ಹೆಂಗೆ ಗೊತ್ತಾಗುತ್ತೆ? ಈ ಪಂಪು ಉಲ್ಟಾ ತಿರುಗಿದ್ರೂ ನೀರು ಕೆಳಕ್ಕೆ ತಳ್ಳಲ್ಲ, ಮೇಲಕ್ಕೇ ತಳ್ಳುತ್ತೆ, ಆದ್ರೆ ಜೋರಿಲ್ಲ. ಆಳ ಕಮ್ಮಿ ಇದ್ರೆ ಸಣ್ಣ ಧಾರೆ ಬರುತ್ತೆ, ನಮ್ಮ ಕೋಲಾರ ಚಿಕ್ಕಬಳ್ಳಾಪುರದ ಸಾವಿರ ಅಡಿ ಬೋರಲ್ಲಿ ಮೇಲಕ್ಕೇ ಬರದೇ ಇರಬಹುದು, ಆಗ ಮೋಟ್ರು ಸುತ್ತ ನೀರು ಹರಿಯದೆ ಬಿಸಿ ಏರುತ್ತೆ. ಟಾಂಗ್ ಟೆಸ್ಟರ್ (ವೈರ್ ಸುತ್ತ ಕಚ್ಚಿಸಿ ಆಂಪ್ಸ್ ನೋಡೋ ಮೀಟರು) ಹಿಡಿದು ಮೂರೂ ಫೇಸಿನ ಆಂಪ್ಸ್ ಬರ್ಕೊಂಡು, ಆಫ್ ಮಾಡಿ, ಪೈಪಲ್ಲಿರೋ ನೀರು ಇಳಿದು ನಿಲ್ಲೋವರೆಗೂ ಕೆಲವು ನಿಮಿಷ ಬಿಟ್ಟು, ಎರಡು ವೈರ್ ಬದಲಿಸಿ ಮತ್ತೆ ಓಡ್ಸಿ ನೋಡಿ, ಯಾವ ಕಡೆಗೆ ನೀರು ಜೋರೋ ಅದೇ ಸರಿ. ಆ ಕೆಲವು ನಿಮಿಷ ಯಾಕಂದ್ರೆ ವಾಲ್ವು ಸೋರ್ತಿದ್ರೆ ಇಳಿಯೋ ನೀರು ಪಂಪನ್ನ ಹಿಂದಕ್ಕೆ ತಿರುಗಿಸ್ತಾ ಇರುತ್ತೆ, ಆಗ ಸ್ಟಾರ್ಟ್ ಮಾಡಿದ್ರೆ ಶಾಫ್ಟಿಗೆ ಪೆಟ್ಟು.

ಕೈಯಲ್ಲಿ ತಿರುಗಿಸೋ ಸ್ವಿಚ್ಚು

ಮಧ್ಯದಲ್ಲಿ ಆಫು, ಬಲಕ್ಕೆ ಫಾರ್ವರ್ಡು, ಎಡಕ್ಕೆ ರಿವರ್ಸು. ಒಳಗೆ ಆಗೋದು ಅದೇ ಎರಡು ವೈರ್ ಬದಲಾವಣೆ, ಸ್ಕ್ರೂ ಬಿಚ್ಚೋ ಕೆಲಸ ಮಾತ್ರ ತಪ್ಪುತ್ತೆ. ಆಂಪ್ಸು ಬ್ರ್ಯಾಂಡು ನೋಡ್ಕೊಂಡು ಸುಮಾರು ಸಾವಿರದ ಆಚೀಚೆ ಬೀಳುತ್ತೆ. ಮೂರು ಎಚ್‌ಪಿ ಐದು ಎಚ್‌ಪಿ ಒಳಗಿನ ಲೇತು, ಡ್ರಿಲ್ಲಿಂಗ್ ಮಿಷನ್ನು, ಸಣ್ಣ ಮಿಕ್ಸರು, ಇಂಥವಕ್ಕೆ ಕಮ್ಮಿ ದುಡ್ಡಲ್ಲಿ ಇದು ಸಾಕು.

ಇದರ ತೊಂದರೆ ಕೈಯದ್ದೇ. ಓಡ್ತಿರೋ ಮೋಟ್ರನ್ನ ಆಫಲ್ಲಿ ನಿಲ್ಲಿಸದೆ ಒಂದೇ ಏಟಿಗೆ ಫಾರ್ವರ್ಡಿಂದ ರಿವರ್ಸಿಗೆ ಎಳೀತಾರೆ. ರೋಟರು ಒಂದು ಕಡೆ ಓಡ್ತಿದೆ, ಫೀಲ್ಡು ಇನ್ನೊಂದು ಕಡೆ ಸುತ್ತುತ್ತೆ. ನೇರ ಸ್ಟಾರ್ಟ್ ಮಾಡಿದಾಗಲೇ ಫುಲ್ ಲೋಡಿನ ಆರೇಳು ಪಟ್ಟು ಆಂಪ್ಸ್ ಎಳೆಯುತ್ತೆ, ಇದ್ರಲ್ಲಿ ಅದಕ್ಕಿಂತಲೂ ಮೇಲೆ ಹೋಗುತ್ತೆ. ಬೆಲ್ಟು ಕಿರುಚುತ್ತೆ, ಶಾಫ್ಟಿನ ಕೀ ಕಟ್ಟಾಗುತ್ತೆ, ಸ್ವಿಚ್ ಒಳಗೆ ಕಿಡಿ ಹಾರಿ ಕಾಂಟ್ಯಾಕ್ಟು ಕರ್ರಗಾಗುತ್ತೆ. ನಿಂತ ಮೇಲೆ ತಿರುಗಿಸಿ ಅಂತ ಹೇಳಿದ್ರೆ ಕೇಳೋ ಆಪರೇಟರ್ ಇದ್ರೆ ಮಾತ್ರ ಇದು ತಗೊಳ್ಳಿ.

ಇನ್ನೊಂದು, ಸ್ಟಾರ್ಟರ್ ತೆಗೆದು ಬರೀ ಈ ಸ್ವಿಚ್ ಹಾಕ್ಬೇಡಿ. ಕರೆಂಟ್ ಹೋದಾಗ ಸ್ವಿಚ್ ಆನಲ್ಲೇ ಉಳಿದಿರುತ್ತೆ, ವಾಪಸ್ ಬಂದ ತಕ್ಷಣ ಮಿಷನ್ ತಾನೇ ಎದ್ದು ಓಡುತ್ತೆ, ಯಾರೋ ಅದರೊಳಗೆ ಕೈ ಹಾಕಿದ್ರೆ? ಡಿಒಎಲ್ ಸ್ಟಾರ್ಟರ್ ಇರ್ಲಿ, ಅದರ ನೋ ವೋಲ್ಟ್ ಕಾಯಿಲು (ಕರೆಂಟ್ ಹೋದ್ರೆ ಬಿಟ್ಬಿಡೋದು), ಓವರ್‌ಲೋಡು (ಆಂಪ್ಸ್ ಜಾಸ್ತಿ ಆದ್ರೆ ಕಟ್ ಮಾಡೋದು) ಎರಡೂ ಕೆಲಸ ಮಾಡ್ಲಿ, ಇದು ದಿಕ್ಕು ಬದಲಿಸೋಕೆ ಮಾತ್ರ. ಸ್ಟಾರ್ ಡೆಲ್ಟಾ ಇದ್ರೆ ಸ್ವಿಚ್ಚು ಸ್ಟಾರ್ಟರಿಗಿಂತ ಮುಂಚೆ ಬರಬೇಕು.

ಎರಡು ಕಾಂಟ್ಯಾಕ್ಟರಿನ ಸ್ಟಾರ್ಟರು

ದಿನಕ್ಕೆ ಹತ್ತಾರು ಸಲ ಆ ಕಡೆ ಈ ಕಡೆ ಆಗ್ಬೇಕು, ಲಿಮಿಟ್ ಸ್ವಿಚ್ ಬಡಿದ ತಕ್ಷಣ ನಿಲ್ಲಬೇಕು, ದೂರದಿಂದ ಬಟನ್ ಒತ್ತಬೇಕು, ಇಂಥ ಹಾಯಿಸ್ಟು, ರೋಲಿಂಗ್ ಗೇಟು, ಕನ್ವೇಯರಿಗೆ ಇದೇ ಸರಿ. ಒಂದು ಕಾಂಟ್ಯಾಕ್ಟರು ಸೀದಾ ಕೊಡುತ್ತೆ, ಇನ್ನೊಂದು ಎರಡು ಫೇಸ್ ಬದಲಿಸಿ ಕೊಡುತ್ತೆ, ಎರಡಕ್ಕೂ ಸೇರಿ ಕೆಳಗೆ ಒಂದೇ ಓವರ್‌ಲೋಡ್ ರಿಲೇ. ಐದು ಎಚ್‌ಪಿಗೆ ಒಳ್ಳೇ ಮಾಲು ಹಾಕಿ ಡಬ್ಬ ವೈರಿಂಗ್ ಸೇರಿ ಕೆಲವು ಸಾವಿರ ಆಗುತ್ತೆ.

ದುಡ್ಡು ಉಳಿಸೋಕೆ ಹೋಗಿ ಇಂಟರ್‌ಲಾಕ್ (ಒಂದು ಎಳ್ಕೊಂಡಿದ್ರೆ ಇನ್ನೊಂದು ಎಳ್ಕೊಳ್ಳದ ಹಾಗೆ ತಡೆಯೋದು) ಬಿಡಬೇಡಿ. ಎರಡೂ ಕಾಂಟ್ಯಾಕ್ಟರು ಒಟ್ಟಿಗೆ ಎಳ್ಕೊಂಡ್ರೆ ಫೇಸಿಗೆ ಫೇಸು ನೇರ ಶಾರ್ಟು, ಡಬ್ಬದ ಬಾಗಿಲು ಹಾರುತ್ತೆ. ಒಂದರ ಎನ್‌ಸಿ (ಎಳ್ಕೊಂಡಾಗ ಬಿಟ್ಕೊಳ್ಳೋ) ಪಾಯಿಂಟಿನ ಮೂಲಕ ಇನ್ನೊಂದರ ಕಾಯಿಲಿಗೆ ಹೋಗೋ ಎಲೆಕ್ಟ್ರಿಕಲ್ ಇಂಟರ್‌ಲಾಕು ಬೇಕು, ಅದರ ಜೊತೆಗೆ ಎರಡರ ಮಧ್ಯೆ ಕೂರೋ ಮೆಕ್ಯಾನಿಕಲ್ ಇಂಟರ್‌ಲಾಕೂ ಬೇಕು. ಒಂದಿದ್ರೆ ಸಾಲದಾ ಅಂತೀರಾ, ಕಾಂಟ್ಯಾಕ್ಟು ಅಂಟ್ಕೊಂಡಾಗ, ಇಲ್ಲ ಯಾರೋ ಸ್ಕ್ರೂ ಡ್ರೈವರಲ್ಲಿ ಕಾಂಟ್ಯಾಕ್ಟರ್ ಒತ್ತಿ ನೋಡಿದಾಗ ಎರಡನೇದು ಕಾಪಾಡುತ್ತೆ. ಪದೇ ಪದೇ ಓಡ್ತಿರೋವಾಗಲೇ ರಿವರ್ಸ್ ಮಾಡೋ ಕೆಲಸ ಆದ್ರೆ ಕಾಂಟ್ಯಾಕ್ಟರ್ ಮೇಲೆ ಎಸಿ-3 (ಮಾಮೂಲಿ ಸ್ಟಾರ್ಟ್ ಸ್ಟಾಪ್) ರೇಟಿಂಗ್ ನೋಡಿ ತಗೋಬೇಡಿ, ಎಸಿ-4 (ಓಡ್ತಿರೋವಾಗಲೇ ರಿವರ್ಸ್) ನೋಡಿ, ಅದೇ ಕಾಂಟ್ಯಾಕ್ಟರಿಗೆ ಆ ಲೆಕ್ಕದಲ್ಲಿ ಎಚ್‌ಪಿ ಕಮ್ಮಿ ಬರುತ್ತೆ, ಅಂದ್ರೆ ಒಂದು ಸೈಜ್ ದೊಡ್ಡದು ಹಾಕ್ಬೇಕು.

ಕೆಟ್ಟರೆ ಯಾವ ಊರಲ್ಲಾದ್ರೂ ರಿಪೇರಿ ಆಗುತ್ತೆ ಅನ್ನೋದು ಇದರ ದೊಡ್ಡ ಪ್ಲಸ್ಸು. ಕಾಯಿಲ್ ಸುಟ್ರೆ ಕಾಯಿಲು, ಪಾಯಿಂಟ್ ಹೋದ್ರೆ ಪಾಯಿಂಟು.

ಫೇಸ್ ಕರೆಕ್ಟರು, ಅದರ ತಮ್ಮ ಪ್ರಿವೆಂಟರು

ಇವೆರಡನ್ನ ಒಂದೇ ಅಂದ್ಕೊಂಡು ಜನ ಮೋಸ ಹೋಗ್ತಾರೆ. ಪ್ರಿವೆಂಟರು ಅಂದ್ರೆ ಫೇಸ್ ಹೋದ್ರೆ, ಕೆಲವು ಮಾಡೆಲಲ್ಲಿ ಸಾಲು ಉಲ್ಟಾ ಆದ್ರೂನೂ, ಮೋಟ್ರು ಎತ್ತೋಕೆ ಬಿಡಲ್ಲ. ಸರಿ ಮಾಡಲ್ಲ, ತಡೀತದೆ ಅಷ್ಟೇ. ಕರೆಕ್ಟರಲ್ಲಿ ಎರಡು ಕಾಂಟ್ಯಾಕ್ಟರಿರುತ್ತೆ, ಬಂದಿರೋ ಸಾಲು ನೋಡಿ ಯಾವ ಕಾಂಟ್ಯಾಕ್ಟರ್ ಎಳೆದ್ರೆ ಮೋಟ್ರು ಸೀದಾ ತಿರುಗುತ್ತೋ ಅದನ್ನ ಎಳೆಯುತ್ತೆ. ಕೇಳೋಕೆ ಚೆನ್ನಾಗಿದೆ.

ಆದ್ರೆ ಯೋಚನೆ ಮಾಡಿ, ನಿಮ್ಮ ಲೈನಲ್ಲಿ ಸಾಲು ಎಷ್ಟು ಸಲ ಬದಲಾಗುತ್ತೆ? ಟಿಸಿ ಬದಲಾದಾಗ, ಕಂಬದ ಮೇಲಿನ ಜಂಪ್ ವೈರ್ ಕಟ್ಟಾಗಿ ಮತ್ತೆ ಕಟ್ಟಿದಾಗ, ಕೇಬಲ್ ಜಾಯಿಂಟ್ ಹಾಕಿದಾಗ. ವರ್ಷಕ್ಕೆ ಒಂದ್ಸಲನೋ ಎರಡ್ಸಲನೋ. ಅದಕ್ಕೋಸ್ಕರ ಪೂರ್ತಿ ಲೋಡ್ ಹೊರೋ ಇನ್ನೆರಡು ಕಾಂಟ್ಯಾಕ್ಟರನ್ನ ದಿನಾ ಸ್ಟಾರ್ಟರಿನ ಮುಂದೆ ಓಡಿಸ್ತೀರಿ. ಹೊಲದ ಕೊನೇಲಿ ವೋಲ್ಟೇಜು 415 ಇರಬೇಕಾದ್ದು ಬಿದ್ದಾಗ ಕಾಯಿಲು ಗಟ್ಟಿ ಹಿಡಿಯಲ್ಲ, ಕಟಕಟ ಅಂತ ಬಡ್ಕೊಳ್ಳುತ್ತೆ, ಆ ಬಡಿತದಲ್ಲೇ ಪಾಯಿಂಟು ಸುಡೋದು. ಡಬ್ಬ ತೆಗೆದು ನೋಡಿದ್ರೆ ಕಾಂಟ್ಯಾಕ್ಟರ್ ಸಂದಿಲಿ ಸುಟ್ಟು ಕರಕಲಾದ ಹಲ್ಲಿ, ಅದರ ಸುತ್ತ ಇರುವೆ ಗೂಡು, ಇದು ನಮ್ ಕಡೆ ಸ್ಟಾರ್ಟರ್ ಬಾಕ್ಸಲ್ಲಿ ಮಾಮೂಲಿ. ಕಾಂಟ್ಯಾಕ್ಟರ್ ಜಾಸ್ತಿ ಆದಷ್ಟೂ ಹಲ್ಲಿಗೆ ಜಾಗ ಜಾಸ್ತಿ.

ಹಾಗಾಗಿ ಸಾಮಾನ್ಯ ರೈತನಿಗೆ ನಾನು ಹೇಳೋದು ಉಲ್ಟಾ ಸಾಲನ್ನೂ ಹಿಡಿಯೋ ಪ್ರಿವೆಂಟರ್ ಹಾಕ್ಸಿ ಅಂತ. ಸಾವಿರದಿಂದ ಎರಡು ಮೂರು ಸಾವಿರದೊಳಗೆ ಮುಗಿಯುತ್ತೆ. ಉಲ್ಟಾ ಬಂದ್ರೆ ಮೋಟ್ರು ಎತ್ತಲ್ಲ, ಬೆಳಿಗ್ಗೆ ಹೋಗಿ ಲೈಟ್ ನೋಡ್ತೀರಿ, ವಿಷ್ಯ ಗೊತ್ತಾಗುತ್ತೆ. ಕೊಳ್ಳೋವಾಗ ಬರೀ ಸಿಂಗಲ್ ಫೇಸ್ ತಡೆಯುತ್ತಾ, ಸಾಲೂ ನೋಡುತ್ತಾ ಅಂತ ಬಾಯಿಬಿಟ್ಟು ಕೇಳಿ, ಹಾಕಿದ ಮೇಲೆ ಒಳಗೆ ಬರೋ ಎರಡು ವೈರ್ ಬೇಕಂತಲೇ ಬದಲಿಸಿ ಟ್ರಿಪ್ ಆಗುತ್ತಾ ನೋಡ್ಸಿ, ಆಮೇಲೆ ದುಡ್ಡು ಕೊಡಿ. ಕರೆಕ್ಟರ್ ಯಾರಿಗೆ ಅಂದ್ರೆ, ತೋಟ ದೂರ ಇದೆ, ಊರಲ್ಲಿ ಇರಲ್ಲ, ಟೊಮ್ಯಾಟೊನೋ ಹಿಪ್ಪುನೇರಳೆನೋ ಎರಡು ದಿನ ನೀರಿಲ್ಲ ಅಂದ್ರೆ ಒಣಗುತ್ತೆ, ಲೈನಲ್ಲಿ ಕೆಲಸ ನಡೀತಾನೇ ಇರುತ್ತೆ ಅನ್ನೋರಿಗೆ. ಅವರು ಕಾಂಟ್ಯಾಕ್ಟರ್ ಸೈಜಲ್ಲಿ ಜಿಪುಣತನ ಮಾಡದೆ ತಗೊಳ್ಳಲಿ.

ವಿಎಫ್‌ಡಿ ಡ್ರೈವು

ಒಂದು ಬಟನ್ನಲ್ಲಿ ಉಲ್ಟಾ ಸೀದಾ, ಅದೂ ಜರ್ಕ್ ಇಲ್ಲದೆ, 50 ಹರ್ಟ್ಸಿಂದ ಮೆಲ್ಲಗೆ ಸೊನ್ನೆಗೆ ಇಳಿಸಿ ಆಮೇಲೆ ಆ ಕಡೆ ಏರಿಸುತ್ತೆ. ಸ್ಪೀಡೂ ಕೈಗೆ ಸಿಗುತ್ತೆ. ಐದು ಎಚ್‌ಪಿದೇ ಹತ್ತು ಸಾವಿರಕ್ಕಿಂತ ಮೇಲೆ, ಒಳ್ಳೇ ಬ್ರ್ಯಾಂಡಾದ್ರೆ ಇನ್ನೂ ಮೇಲೆ. ಬರೀ ದಿಕ್ಕು ಬದಲಿಸೋಕೆ ಇದನ್ನ ತಗೋಳೋದು ದಂಡ. ಸ್ಪೀಡೂ ಬೇಕು, ದಿಕ್ಕೂ ಬೇಕು, ನಿಧಾನ ಸ್ಟಾರ್ಟೂ ಬೇಕು ಅಂದ್ರೆ ಮಾತ್ರ ಲೆಕ್ಕ ಕೂಡುತ್ತೆ.

ಡ್ರೈವಲ್ಲಿ ಒಂದು ವಿಷ್ಯ ಎಲ್ಲಾ ಎಲೆಕ್ಟ್ರಿಷಿಯನ್‌ಗೂ ಗೊತ್ತಿರಲ್ಲ. ಡ್ರೈವಿಗೆ ಒಳಗೆ ಬರೋ ಕಡೆ ಎರಡು ವೈರ್ ಬದಲಿಸಿದ್ರೆ ಮೋಟ್ರು ದಿಕ್ಕು ಬದಲಾಗಲ್ಲ, ಯಾಕಂದ್ರೆ ಅದು ಬಂದ ಕರೆಂಟನ್ನ ಡಿಸಿ ಮಾಡಿ ಹೊಸದಾಗಿ ಮೂರು ಫೇಸ್ ಹುಟ್ಟಿಸುತ್ತೆ. ಸೆಟ್ಟಿಂಗಲ್ಲಿ ಬದಲಿಸಿ, ಇಲ್ಲ ಮೋಟ್ರು ಕಡೆ ಹೋಗೋ ಎರಡು ವೈರ್ ಬದಲಿಸಿ. ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರಲ್ಲಿ ಕರೆಂಟ್ ಉಳಿದಿರುತ್ತೆ, ಡ್ರೈವಿನ ಮೇಲೆ ಬರೆದಿರೋಷ್ಟು ನಿಮಿಷ ಕಾದು ಮುಟ್ಟಿ. ಸೋಲಾರ್ ಪಂಪಿನ ಎಸಿ ಕಂಟ್ರೋಲರೂ ಇದೇ ಜಾತಿ. ಇದೇ ಕಾರಣಕ್ಕೆ ಡ್ರೈವ್ ಹಾಕಿದ ಮೋಟ್ರಿಗೆ ಲೈನಿನ ಸಾಲು ಉಲ್ಟಾ ಆದ್ರೂ ಚಿಂತೆ ಇಲ್ಲ.

ಹಂಗಾದ್ರೆ ಬೋರಿಗೂ ಡ್ರೈವ್ ಹಾಕ್ಸೋಣ ಅಂತೀರಾ. ಸಾವಿರ ಅಡಿ ಅಂದ್ರೆ 300 ಮೀಟರ್ ಕೇಬಲು. ಡ್ರೈವಿಂದ ಬರೋದು ಸೀದಾ ಅಲೆ ಅಲ್ಲ, ಕಡಿದು ಕಡಿದು ಕೊಡೋ ಪಲ್ಸು, ಅಷ್ಟು ಉದ್ದದ ಕೇಬಲ್ ತುದೀಲಿ ವೋಲ್ಟೇಜು ಜಿಗಿದು ವೈಂಡಿಂಗಿನ ಇನ್ಸುಲೇಶನ್ನಿಗೆ ಹೊಡೆಯುತ್ತೆ. ಔಟ್‌ಪುಟ್ ಫಿಲ್ಟರ್ ಹಾಕ್ಬೇಕು, ಅದರ ಖರ್ಚು ಬೇರೆ. ಮೇಲೆ ಸಿಡಿಲು, ಧೂಳು, ಬೇಸಿಗೇಲಿ ತಗಡಿನ ಡಬ್ಬದ ಬಿಸಿ. ಬೋರ್ಡ್ ಹೋದ್ರೆ ಊರಲ್ಲಿ ರಿಪೇರಿ ಕಷ್ಟ.

ರೇಷ್ಮೆ ಹುರಿ ಮಿಷನ್ ಇಟ್ಟೋರು ಇದನ್ನ ಎರಡು ಸಲ ಯೋಚನೆ ಮಾಡಿ. ಸ್ಪಿಂಡಲ್ ಸುತ್ತೋ ದಿಕ್ಕಿನ ಮೇಲೆ ಎಸ್ ಹುರಿ ಝಡ್ ಹುರಿ (ದಾರ ಯಾವ ಕಡೆಗೆ ಹುರಿಗೊಂಡಿದೆ ಅನ್ನೋದು) ನಿಂತಿದೆ, ಕ್ರೇಪ್ ಬಟ್ಟೆಗೆ ಎರಡೂ ಬೇಕು. ಒಂದು ಲಾಟ್ ಮುಗಿದ ಮೇಲೆ ದಿಕ್ಕು ಬದಲಿಸೋದಾದ್ರೆ ಮಿಷನ್ ಹೇಗಿದ್ರೂ ನಿಂತಿರುತ್ತೆ, ಕೈ ಸ್ವಿಚ್ಚೇ ಸಾಕು, ಹಿಡಿ ಹತ್ರ ಪೇಂಟಲ್ಲಿ ಎಸ್ ಅಂತ ಝಡ್ ಅಂತ ಬರೆದಿಡಿ, ಅರ್ಧ ಲಾಟಲ್ಲಿ ಯಾರೋ ಗೊತ್ತಿಲ್ಲದೆ ತಿರುಗಿಸಿದ್ರೆ ಒಂದೇ ಲಾಟಲ್ಲಿ ಎಸ್ಸು ಝಡ್ಡು ಎರಡೂ ಸೇರಿ ಕೆಡುತ್ತೆ. ಸ್ಟಾರ್ಟಲ್ಲಿ ದಾರ ಕಿತ್ತೋಗ್ತಿದೆ, ಮೆಲ್ಲಗೆ ಏರಬೇಕು ಅನ್ನೋ ತೊಂದರೆನೂ ಇದ್ರೆ ಆಗ ಡ್ರೈವ್ ಕಡೆ ನೋಡಿ.

ಮೇವು ಕತ್ತರಿಸೋ ಮಿಷನ್ನಿಗೆ ಯಾವ್ದು ಹಾಕ್ಸಲಿ ಅಂತಲೂ ಕೇಳ್ತಾರೆ, ಕಡ್ಡಿ ಸಿಕ್ಕಾಕೊಂಡಾಗ ಹಿಂದಕ್ಕೆ ತಿರುಗಿಸೋಕೆ. ಯಾವ್ದೂ ಬೇಡ. ತುಂಬಾ ಮಿಷನಲ್ಲಿ ರೋಲರಿಗೇ ಮುಂದೆ, ನ್ಯೂಟ್ರಲ್, ಹಿಂದೆ ಅಂತ ಗೇರ್ ಲಿವರ್ ಇರುತ್ತೆ, ಮೇವು ಅದರಲ್ಲೇ ವಾಪಸ್ ಬರುತ್ತೆ, ಬ್ಲೇಡು ಯಾವಾಗ್ಲೂ ಒಂದೇ ಕಡೆ ತಿರುಗ್ಬೇಕು. ಲಿವರ್ ಇಲ್ಲದ ಹಳೇದಾದ್ರೆ ಮೈನ್ ಆಫ್ ಮಾಡಿ, ಚಕ್ರ ಪೂರ್ತಿ ನಿಂತ ಮೇಲೆ ಕೈಯಲ್ಲೇ ಹಿಂದಕ್ಕೆ ತಿರುಗಿಸಿ ಬಿಡಿಸಿ.